ಬಿಟ್ಟುಹೋದ ದೀರ್ಘ

‘ಸ್ವಂತ’ ಎಂಬ ಫೋಲ್ಡರಿನ ಮೇಲೆ ಬಾಣದ ಗುರುತು ನಿಲ್ಲಿಸಿ ತಂಗಿ ಬಾಗಿಲ ಕಡೆ ಕಿವಿಗೊಟ್ಟಳು. ಅಣ್ಣ ಕಾಗದದ ರೀಮು ತರಲು ಹೋಗಿದ್ದ. ಇಬ್ಬರೇ ನಡೆಸುವ ಪ್ರೆಸ್ಸಿನಲ್ಲಿ ಅವನಿಗೊಬ್ಬನಿಗೇ ಸ್ವಂತದ್ದೇನಿದೆ? ಇವಳು ಕರಡು ತಿದ್ದಿ ತಂದರೆ ಸಾಕು, ಪರದೆಯನ್ನು ತಟ್ಟನೆ ಬದಲಿಸುತ್ತಿದ್ದ. ಪ್ರೆಸ್ ಮಾರುವ ಹುನ್ನಾರವೇ ಇರಬೇಕು, ಕಳ್ಳ!

ತೆರೆದಳು. ತಿಂಗಳಿಗೊಂದರಂತೆ ಏಳು ಪತ್ರಗಳಿದ್ದವು. ಕೊನೆಯದು ಅರ್ಧಕ್ಕೇ ನಿಂತಿತ್ತು: ‘ಮುದ್ದು ಮಗಳೇ, ಹಡಗಿನಲ್ಲಿ ನಾನು ಕ್ಷೇಮ. ಇಲ್ಲಿ ಫೋನ್ ಸಿಗುವುದಿಲ್ಲ. ನಿನ್ನ ಅರೋಗ್ಯ...’

ಹಡಗಿನ ಕೆಲಸದಲ್ಲಿದ್ದ ಅಪ್ಪನ ಈ ತಿಂಗಳ ಪತ್ರ ಇನ್ನೂ ಬಂದಿರಲಿಲ್ಲ. ಕೈ ನಡುಗುತ್ತದೆಂದು ಅವರು ಇತ್ತೀಚೆಗೆ ಟೈಪು ಮಾಡಿಯೇ ಕಳಿಸುತ್ತಿದ್ದರು. ‘ಆರೋಗ್ಯ’ದ ದೀರ್ಘವನ್ನು ಅಣ್ಣ ದಿನಾ ನುಂಗುತ್ತಿದ್ದ; ತಿದ್ದಿ ತಿದ್ದಿ ಅವಳಿಗೆ ಸಾಕಾಗಿತ್ತು. ಅಪ್ಪನ ಪತ್ರದಲ್ಲೂ ಅದೇ ತಪ್ಪು ಕಂಡಾಗ, ‘ಅಪ್ಪನಿಗೆ ತಕ್ಕ ಮಗ’ ಎಂದು ನಕ್ಕಿದ್ದಳು.

ಹಿಂದೆ ರೀಮು ದೊಪ್ಪನೆ ಬಿತ್ತು. “ಅದನ್ಯಾಕೆ ತೆಗ್ದೆ ನೀನು?”

ಅವಳು ತಿರುಗಲಿಲ್ಲ. ಬೆರಳು ತಾನಾಗಿಯೇ ‘ಅ’ವನ್ನು ‘ಆ’ ಮಾಡಿತು. “ನಿಜ ಹೇಳು ಅಣ್ಣಾ, ಅಪ್ಪ ತೀರ್ಕೊಂಡು ಏಳು ತಿಂಗಳಾಯ್ತಾ?”