ಸ್ವಂತದ ಪ್ರೊಫೈಲ್

ಆಫೀಸಿನ ಕಂಪ್ಯೂಟರಿನಲ್ಲಿ ವಾರಿಜಾ ಬ್ರೌಸರಿಗೆ ಎರಡು ಪ್ರೊಫೈಲ್ ಮಾಡಿಕೊಂಡಿದ್ದಳು, ಕೆಲಸಕ್ಕೊಂದು, ಸ್ವಂತಕ್ಕೊಂದು. ಹಾಲ್ ಟಿಕೆಟ್ ಪ್ರಿಂಟ್ ತೆಗೆಯಲು ಬಂದಿದ್ದ ಮಗಳು ಆ ಸ್ವಂತದ್ದರಲ್ಲೇ ತನ್ನ ಇಮೇಲ್ ತೆರೆದು ಹಾಗೇ ಬಿಟ್ಟುಹೋಗಿದ್ದಳು. ಗೆಳತಿಯರಿಗೆ ಹಾಡಿ ಕಳಿಸಿದ ಹಾಡುಗಳೆಲ್ಲ ಅದರಲ್ಲಿದ್ದವು. ಈಗ ಮಗಳಿಲ್ಲ. ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಒಂದು ಹಾಡು ಕೇಳಿದರೆ ವಾರಿಜಾಳಿಗೆ ಮಧ್ಯಾಹ್ನ ಹೇಗೋ ಕಳೆಯುತ್ತಿತ್ತು.

ಅವಳನ್ನು ಕೆಲಸದಿಂದ ತೆಗೆದ ದಿನ, ಕಂಪ್ಯೂಟರ್ ನೋಡಿಕೊಳ್ಳುವ ನವಾಜ್‌ನ ಬಳಿಗೆ ಓಡಿದಳು.

"ನವಾಜ್, ಆಫೀಸಿಂದು ಏನಾದ್ರೂ ಮಾಡ್ಕೊಳ್ಳಿ. ನನ್ನ ಸ್ವಂತದ್ದು ಮಾತ್ರ..."

"ಚಿಂತೆ ಬಿಡಿ ಮೇಡಂ," ಎಂದ ಅವನು ಮೆಲ್ಲಗೆ. "ಸಾಹೇಬ್ರು ಎಲ್ಲಾ ತೆಗೆದು ನೋಡ್ತೀನಿ ಅಂದ್ರು. ನಿಮ್ಮ ಸ್ವಂತದ್ದು ಅವರ ಕಣ್ಣಿಗೆ ಬೀಳಬಾರದು ಅಂತ ಬೆಳಿಗ್ಗೇನೇ ಅಳಿಸಿಬಿಟ್ಟೆ."