ಬೀಗದ ಮಾತು

“ಬೀಗದ ವಿಷಯ ಖಂಡಿತ ಬರೀತೀನಮ್ಮ,” ಎಂದು ಮಾತು ಕೊಟ್ಟಿದ್ದ ಆ ಕಾದಂಬರಿಕಾರ. ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದು ಅಕ್ಕ ಸತ್ತ ಮರುವಾರ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಎರಡು ಲೋಟ ಚಹಾ ಕುಡಿದು, ಕಣ್ಣೊರೆಸಿಕೊಂಡು ಹೋಗಿದ್ದ. ಹುಡುಗಿಯರು ಕೆಲಸದ ನಡುವೆ ಎದ್ದು ಹೋಗಬಾರದೆಂದು ಮಾಲೀಕ ಹೊರಗಿನಿಂದ ಬೀಗ ಜಡಿದಿದ್ದನ್ನು ಅವನಿಗೆ ಹೇಳಿದವಳು ಸತ್ತವಳ ತಂಗಿಯೇ. ಆಮೇಲೆ ಬಂದ ಪುಸ್ತಕದಲ್ಲಿ ಬೀಗ ಇರಲಿಲ್ಲ. ಅಕ್ಕ ಇದ್ದಳು, ದೆವ್ವವಾಗಿ. ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ಸೂಜಿಯಿಂದ ಮಲಗಿದ ಮಕ್ಕಳ ತುಟಿ ಹೊಲಿಯುತ್ತಿದ್ದಳು. ಪುಸ್ತಕ ಮನೆಮಾತಾಯಿತು. ಬೀದಿಯ ಮಕ್ಕಳು ಇವರ ಮನೆ ಮುಂದೆ ಬಾಯಿಗೆ ಕೈ ಒತ್ತಿಕೊಂಡು ಓಡತೊಡಗಿದವು.

ಈಗ ಆ ತಂಗಿಯ ಮಗಳೇ ಅವನ ಹೊಸ ಕಾದಂಬರಿ ಹಿಡಿದು, ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಿದ್ದಳು.

“ಇನ್ನೊಂದು ಅವಕಾಶ ಕೊಟ್ಟು ನೋಡಮ್ಮ. ಅದೇ ಬೆಂಕಿ ಕಥೇನ ಮತ್ತೆ ಬರ್ದಿದಾರೆ. ಆಗ ದುಡುಕಿಬಿಟ್ಟೆ, ಈ ಸಲ ಸತ್ತವರಿಗೆ ನ್ಯಾಯ ಮಾಡಿದೀನಿ ಅಂತ ಟೀವಿಲಿ ಹೇಳಿದ್ರು.”

“ಸತ್ತವಳ ಹತ್ರ ಕೇಳ್ಕೊಂಡು ಬಂದ್ನಂತಾ?”

“ಹಂಗಂದ್ರೆ ಹೆಂಗೆ? ನಾನು ಓದ್ತೀನಿ, ನೀನು ನಿನ್ನ ಪಾಡಿಗೆ ಕೆಲಸ ಮಾಡು. ಕಿವಿಗಂತೂ ಕೆಲಸ ಇಲ್ವಲ್ಲ.”

ಮೆಷಿನ್ ಸದ್ದಿಗೆ ಓದು ಕೇಳದೆಂದು ತಾಯಿ ಶಾಲೆಯ ಅಂಗಿಗಳ ಕಾಜಾ ಕೆಲಸ ಕೈಗೆತ್ತಿಕೊಂಡಳು. ಅವನು ಚೆನ್ನಾಗಿಯೇ ಬರೆದಿದ್ದ, ಅದೇ ಅವಳ ಮೈ ಉರಿಸಿತು. ಕಿರುಗುಟ್ಟುವ ಫ್ಯಾನು, ಕಾಲಿಗೆ ತೊಡರುವ ಬಟ್ಟೆಯ ಚೂರುಗಳು, ಸೂಜಿ ಚುಚ್ಚಿದರೆ ಅಂಗಿಗೆ ರಕ್ತ ತಾಗದಂತೆ ಬೆರಳನ್ನು ಬಾಯಿಗಿಟ್ಟುಕೊಳ್ಳುವ ಅಕ್ಕ. ಈ ಸಲ ದೆವ್ವವಲ್ಲ, ಬರೀ ಅಕ್ಕ. ಬೇಡ ಬೇಡವೆಂದರೂ ಕೇಳುತ್ತಿದ್ದವಳ ಕಣ್ಣು ತುಂಬಿತು. ಕಥೆಯಲ್ಲಿ ಹೊಗೆ ಎದ್ದಿತು. ಹುಡುಗಿಯರು ಬಾಗಿಲಿಗೆ ಓಡಿದರು.

ಮಗಳು ಅಲ್ಲಿಗೆ ನಿಲ್ಲಿಸಿದಳು.

“ಮುಂದೆ ಓದು.”

“ಸಾಕು ಬಿಡಮ್ಮ.”

“ಓದೇ.”

“‘ಅಷ್ಟರಲ್ಲಿ...’” ಮಗಳ ದನಿ ಸಣ್ಣಗಾಯಿತು. “‘ಯಾರ ಕೈಯೂ ಸೋಕದೆ, ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.’”

ಸೂಜಿ ಬಟ್ಟೆಯಲ್ಲೇ ನಿಂತಿತು.

“ತಾನಾಗಿ?”

“ಓದೋರಿಗೆ ಹೆದರಿಕೆ ಆಗ್ಲಿ ಅಂತ ಹಂಗೆ ಬರ್ದಿರ್ತಾರಮ್ಮ.”

“ಹೆದರಿಕೆ ಇರೋದು ಅವನಿಗೆ ಕಣೇ. ದೆವ್ವ ಕಂಡ್ರಲ್ಲ, ಮಾಲೀಕನ್ನ ಕಂಡ್ರೆ. ದೆವ್ವ ಕೋರ್ಟಿಗೆ ಹೋಗಲ್ಲ ನೋಡು, ಅದರ ಮೇಲೆ ಏನ್ ಬೇಕಾದ್ರೂ ಹೊರಿಸಬಹುದು.”

“ಬೀಗ ಕೊನೇಲಿ ಬರಬಹುದು. ಇನ್ನೂ ಎರಡು ಅಧ್ಯಾಯ ಇದೆ.”

“ಎರಡನ್ನೂ ಓದು. ಅಮ್ಮ ಪೂರ್ತಿ ಕೇಳದೆ ರೇಗಿದ್ಲು ಅನ್ನೋ ಮಾತು ನನಗೆ ಬೇಡ.”

ಮಗಳು ಓದಿದಳು. ಬೆಂಕಿ ಆರಿತು. ಹೆಣಗಳನ್ನು ಸಾಲಾಗಿ ಮಲಗಿಸಿದರು. ಮಾಲೀಕ ಎಲ್ಲರಿಗಿಂತ ಜೋರಾಗಿ ಅತ್ತ. ಪುಸ್ತಕ ಮುಗಿಯಿತು.

ಬೀಗದ ವಿಷಯ ಬರೆಯುತ್ತೇನೆಂದು ಅವನು ಮಾತು ಕೊಟ್ಟಿದ್ದ. ಬರೆಯಲಿಲ್ಲ.