ಬೆಂಜೀನ್ ಶಾಂತಿ

ಕೆಮಿಸ್ಟ್ರಿಯ ಬೆಂಜೀನ್ ಪಾಠ ತಲೆಗೆ ಹತ್ತದೆ ಎರಡು ಸಲ ಮೆಡಿಕಲ್ ಸೀಟು ಕಳೆದುಕೊಂಡಿದ್ದ ಹುಡುಗಿ ಆ ಬೆಳಿಗ್ಗೆ ಕುಣಿಯುತ್ತ ಎದ್ದಳು.

"ಅಜ್ಜೀ, ಕನಸಲ್ಲಿ ಹಾವೊಂದು ತನ್ನ ಬಾಲ ತಾನೇ ಕಚ್ಚಿಕೊಂಡು ಉಂಗುರವಾಯ್ತು! ಬೆಂಜೀನ್ ರಚನೆ ಹೊಳೆದ ವಿಜ್ಞಾನಿಗೂ ಇದೇ ಕನಸು ಬಿದ್ದಿತ್ತಂತೆ. ನಂಗೀಗ ಇಡೀ ಪಾಠ ನೀರು ಕುಡಿದಷ್ಟು ಸಲೀಸು."

"ಕನಸಲ್ಲಿ ಹಾವು ಅಂದ್ರೆ ಸರ್ಪದೋಷ ಕಣೇ," ಎಂದು ಅಜ್ಜಿ ಪುರೋಹಿತರನ್ನು ಕರೆಸಿಯೇಬಿಟ್ಟರು.

"ಶಾಂತಿ ಮಾಡಿಸಿದ್ರೆ ಕನಸು ಹೋಗಿಬಿಡುತ್ತಾ?" ಹುಡುಗಿ ಅಳುಮೋರೆ ಮಾಡಿದಳು. "ನಾಡಿದ್ದೇ ಮೆಡಿಕಲ್ ಪರೀಕ್ಷೆ, ಕನಸಿನ ಜೊತೆ ನನ್ನ ಸೀಟೂ ಹೋಗುತ್ತೆ!"

"ಬುಡಸಮೇತ ಹೋಗುತ್ತಮ್ಮ. ಹೋಮ ಆದ್ಮೇಲೆ ಬೆಳ್ಳಿ ಹಾವನ್ನ ದಾನ ತಗೊಂಡವರಿಗೆ ಆ ಕನಸೂ ದೋಷವೂ ಸೇರುತ್ತೆ," ಎಂದರು ಪುರೋಹಿತರು.

ಹೋಮ ಮುಗಿಯಿತು. ಅಜ್ಜಿ ಬೆಳ್ಳಿ ಹಾವನ್ನು ಮುಂದೆ ಹಿಡಿದರು. ಪುರೋಹಿತರು ಕೈ ಹಿಂದಕ್ಕೆಳೆದುಕೊಂಡರು.

"ನನಗಲ್ಲ. ಹೊರಗೆ ನನ್ನ ಮಗಳು ಕೂತಿದ್ದಾಳೆ, ಅವಳ ಕೈಗೆ ಕೊಡಿ. ನಾಡಿದ್ದು ಅವಳಿಗೂ ಅದೇ ಪರೀಕ್ಷೆ."